ಗುಜರಿ ಮೈಕ್ರೋವೇವ್ ಓವನ್‌ನ ಟ್ರಾನ್ಸ್‌ಫಾರ್ಮರ್: ಬ್ಯಾಟರಿ ಚಾರ್ಜರ್‌ಗೆ ಆದೀತೇ, ಸ್ಪಾಟ್ ವೆಲ್ಡರ್‌ಗಷ್ಟೇ ಸರಿಯೇ?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಹೋದ ವಾರ ನಮ್ಮೂರಿನ ಗುಜರಿ ಅಂಗಡಿಯಿಂದ ಹಾಳಾದ ಎರಡು ಮೈಕ್ರೋವೇವ್ ಓವನ್‌ಗಳನ್ನು ತೂಕದ ಲೆಕ್ಕದಲ್ಲಿ ತಂದಿದ್ದೇನೆ. ಒಂದರ ಒಳಗೋಡೆ ತುಕ್ಕು ಹಿಡಿದು ತೂತಾಗಿದೆ, ಇನ್ನೊಂದಕ್ಕೆ ಬಾಗಿಲೇ ಇಲ್ಲ. ಎರಡೂ ಬೇರೆ ಬೇರೆ ಕಂಪನಿಯವು. ಒಂದರ ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ ಹೊರತೆಗೆದು ತೂಗಿ ನೋಡಿದಾಗ ನಾಲ್ಕು ಕಿಲೋಗೆ ಸ್ವಲ್ಪ ಕಡಿಮೆ ಬಂತು. ಇಷ್ಟು ಕಬ್ಬಿಣ, ಇಷ್ಟು ತಂತಿ ಇರುವ ವಸ್ತುವನ್ನು ಮತ್ತೆ ಗುಜರಿಗೆ ಹಾಕಲು ಮನಸ್ಸು ಬರುತ್ತಿಲ್ಲ.

ನನ್ನ ಯೋಚನೆ ಹೀಗಿದೆ. ಮನೆಯ ಯುಪಿಎಸ್‌ನ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿಗೆ ಒಂದು ಪ್ರತ್ಯೇಕ ಚಾರ್ಜರ್ ಬೇಕಾಗಿದೆ. ಹೆಚ್ಚು ವೋಲ್ಟೇಜಿನ ಸೆಕೆಂಡರಿ ಸುರುಳಿಯನ್ನು ಕತ್ತರಿಸಿ ತೆಗೆದು, ಅದರ ಜಾಗದಲ್ಲಿ ದಪ್ಪ ತಂತಿಯನ್ನು ಹದಿನಾರು ಸುತ್ತು ಸುತ್ತಿದರೆ 14 ವೋಲ್ಟ್, 20 ಆಂಪಿಯರ್ ಸುಲಭವಾಗಿ ಸಿಗುತ್ತದೆ ಎಂದು ಅಂದಾಜಿಸಿದ್ದೇನೆ. ಓವನ್ ಸಾವಿರ ವ್ಯಾಟ್‌ಗೂ ಮೀರಿ ಎಳೆಯುತ್ತಿದ್ದ ಕಾರಣ 300 ವ್ಯಾಟ್ ಇದಕ್ಕೆ ಲೆಕ್ಕಕ್ಕೇ ಇಲ್ಲ ಎಂಬುದು ನನ್ನ ಭಾವನೆ. ಇಂಥದ್ದನ್ನು ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಹಳೇ ಬೆಂಚು (ಮೈಸೂರು)

ಚಾರ್ಜರ್ ವಿಷಯ ಆಮೇಲೆ ಮಾತಾಡೋಣ. ಎರಡನೆಯ ಓವನ್ ಇನ್ನೂ ಬಿಚ್ಚಿಲ್ಲ ಎಂದು ತಿಳಿಯಿತು. ಅದಕ್ಕೆ ಕೈ ಹಾಕುವ ಮೊದಲು ಇದನ್ನು ಓದಿ.

ಟ್ರಾನ್ಸ್‌ಫಾರ್ಮರ್‌ನ ಪಕ್ಕದಲ್ಲಿ ಅಲ್ಯೂಮಿನಿಯಂ ಡಬ್ಬಿಯಂಥ ಒಂದು ಕೆಪಾಸಿಟರ್ ಇರುತ್ತದೆ. ಸುಮಾರು ಒಂದು ಮೈಕ್ರೋಫ್ಯಾರಡ್, 2100 ವೋಲ್ಟ್ ಎಂದು ಮೇಲೆ ಅಚ್ಚಾಗಿರುತ್ತದೆ. ಅದರೊಳಗೆ ಚಾರ್ಜನ್ನು ನಿಧಾನವಾಗಿ ಇಳಿಸಲೆಂದೇ ಸಾಮಾನ್ಯವಾಗಿ 10 ಮೆಗಾಓಮ್‌ನ ಒಂದು ರೆಸಿಸ್ಟರ್ ಅಡಗಿರುತ್ತದೆ. ಅದು ಸರಿಯಾಗಿದ್ದರೆ ಒಂದು ನಿಮಿಷದಲ್ಲಿ ವೋಲ್ಟೇಜು ಬಹುಪಾಲು ಇಳಿದುಹೋಗುತ್ತದೆ. ಆದರೆ ನಿಮ್ಮ ಕೈಗೆ ಬಂದಿರುವುದು ಹಾಳಾದ ಓವನ್ ಎಂಬುದನ್ನು ಮರೆಯಬಾರದು. ಹಾಳಾದದ್ದು ಆ ರೆಸಿಸ್ಟರೇ ಆಗಿದ್ದರೆ ಚಾರ್ಜು ದಿನಗಟ್ಟಲೆ ಅಲ್ಲೇ ಕೂತಿರುತ್ತದೆ.

ನಾನು ರಿಪೇರಿ ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಗಿರಾಕಿಯೊಬ್ಬರು ಹಿಂದಿನ ರಾತ್ರಿ ಕೆಟ್ಟ ಓವನನ್ನು ಬೆಳಿಗ್ಗೆ ತಂದುಕೊಟ್ಟಿದ್ದರು. ಪ್ಲಗ್ ಹಾಕದೆ ಹನ್ನೆರಡು ಗಂಟೆಯಾಗಿದೆಯಲ್ಲ ಎಂಬ ಧೈರ್ಯದಲ್ಲಿ ಕೆಪಾಸಿಟರ್‌ನ ಟರ್ಮಿನಲ್‌ಗೆ ಬೆರಳು ತಾಗಿಸಿದೆ. ಬೆಂಚಿನ ಮೇಲಿದ್ದ ಮಲ್ಟಿಮೀಟರ್, ಟೀ ಲೋಟ ಎರಡೂ ನನ್ನ ಕೈಯ ಹೊಡೆತಕ್ಕೆ ಎದುರಿನ ಗೋಡೆಗೆ ಹೋಗಿ ಬಿದ್ದವು. ಮೊಣಕೈವರೆಗಿನ ನೋವು ಎರಡು ದಿನ ಉಳಿಯಿತು. ಅಂದು ಎಡಗೈ ಓವನ್‌ನ ಲೋಹದ ಬಾಡಿಯ ಮೇಲಿರಲಿಲ್ಲ. ಅದಕ್ಕೇ ಇದನ್ನು ಬರೆಯಲು ಉಳಿದಿದ್ದೇನೆ.

ಈಗ ನಾನು ಮಾಡುವ ಕ್ರಮ ಇಷ್ಟು. 10 ಕಿಲೋಓಮ್‌ನ 5 ವ್ಯಾಟ್ ರೆಸಿಸ್ಟರ್‌ಗಳನ್ನು ಹತ್ತು ಸಾಲಾಗಿ ಬೆಸೆದು, ಉದ್ದನೆಯ ಪಿವಿಸಿ ಪೈಪಿನೊಳಗೆ ಕೂರಿಸಿ ಒಂದು ಕೋಲು ಮಾಡಿಕೊಂಡಿದ್ದೇನೆ. ಪ್ಲಗ್ ಕಿತ್ತು ಐದು ನಿಮಿಷ ಕಾದು, ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಆ ಕೋಲಿನಿಂದ ಮೊದಲು ಎರಡು ಟರ್ಮಿನಲ್‌ಗಳ ನಡುವೆ, ಆಮೇಲೆ ಒಂದೊಂದು ಟರ್ಮಿನಲ್‌ನಿಂದ ಬಾಡಿಗೆ ಮುಟ್ಟಿಸಿ ಐದಾರು ಸೆಕೆಂಡ್ ಹಿಡಿಯುತ್ತೇನೆ. ಕೊನೆಗೆ ಕ್ಲಿಪ್ ವೈರ್ ಹಾಕಿ ಶಾರ್ಟ್ ಮಾಡಿಯೇ ಬಿಡುತ್ತೇನೆ. ನೇರವಾಗಿ ಸ್ಕ್ರೂಡ್ರೈವರ್ ಅಡ್ಡ ಇಡುವವರೂ ಇದ್ದಾರೆ. ಅದು ಚಟ್ ಎಂದು ಹೊಡೆದು ತುದಿ ಕರಗುತ್ತದೆ, ಹಿಡಿಕೆ ಸೀಳಿದ್ದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಮೈಕ್ರೋವೇವ್ ಅಲೆಗಳನ್ನು ಹುಟ್ಟಿಸುವ ಮ್ಯಾಗ್ನೆಟ್ರಾನ್‌ನೊಳಗಿನ ಎರಡು ಉಂಗುರದ ಅಯಸ್ಕಾಂತಗಳಿಗಾಗಿ ಹುಡುಗರು ಅದನ್ನು ಸುತ್ತಿಗೆಯಿಂದ ಒಡೆಯುವುದುಂಟು. ತಗಡಿನ ಕವಚ ಬಿಡಿಸಿ ಅಯಸ್ಕಾಂತ ತೆಗೆದುಕೊಳ್ಳಿ, ಆದರೆ ನಡುವಿನ ಸಿರಾಮಿಕ್ ಭಾಗವನ್ನು ಒಡೆಯಬೇಡಿ, ಉಜ್ಜಬೇಡಿ. ಕೆಲವು ಮ್ಯಾಗ್ನೆಟ್ರಾನ್‌ಗಳಲ್ಲಿ ಅದು ಬೆರಿಲಿಯಂ ಆಕ್ಸೈಡ್ ಆಗಿರಬಹುದು. ಅದರ ಪುಡಿ ಶ್ವಾಸಕೋಶಕ್ಕೆ ಹೋದರೆ ಆಗುವ ಹಾನಿಗೆ ಮದ್ದಿಲ್ಲ.

ತುಂಗಾತೀರ

ಹಳೇ ಬೆಂಚು ಸರ್, ನಿಜ ಹೇಳುವುದಾದರೆ ಮೊದಲನೆಯದನ್ನು ಏನೂ ತಿಳಿಯದೆ ಬಿಚ್ಚಿದ್ದೆ. ಗುಜರಿಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರಿಂದ ಬಚಾವಾದೆ ಎಂದುಕೊಳ್ಳುತ್ತೇನೆ. ಎರಡನೆಯದನ್ನು ನೀವು ಹೇಳಿದ ಕೋಲು ಮಾಡಿಕೊಂಡೇ ತೆರೆಯುತ್ತೇನೆ.

ಮೇಷ್ಟ್ರು (ಧಾರವಾಡ)

ತುಂಗಾತೀರ ಅವರ ಪ್ರಶ್ನೆಯಲ್ಲಿ ಒಂದು ಊಹೆ ಅಡಗಿದೆ. ಸಾವಿರ ವ್ಯಾಟ್ ಕೊಡುತ್ತಿದ್ದ ಟ್ರಾನ್ಸ್‌ಫಾರ್ಮರ್ 300 ವ್ಯಾಟನ್ನು ಆರಾಮವಾಗಿ ಕೊಡಬೇಕು ಎಂಬುದು ಆ ಊಹೆ. ಬೇರೆ ಯಾವ ಟ್ರಾನ್ಸ್‌ಫಾರ್ಮರ್ ಆಗಿದ್ದರೂ ಒಪ್ಪಬಹುದಿತ್ತು, ಆದರೆ ಇದು ಬೇರೆ ಜಾತಿಯದು.

ಮ್ಯಾಗ್ನೆಟ್ರಾನ್ ಎಂಬುದು ಬಲ್ಬಿನಂಥ ಲೋಡ್ ಅಲ್ಲ. ಸುಮಾರು 4000 ವೋಲ್ಟ್‌ನ ಹತ್ತಿರ ಬರುವವರೆಗೆ ಅದು ಹೆಚ್ಚುಕಡಿಮೆ ಸುಮ್ಮನಿರುತ್ತದೆ, ಆ ಮಟ್ಟ ದಾಟಿದರೆ ಕರೆಂಟು ಒಮ್ಮೆಲೇ ಏರಿಬಿಡುತ್ತದೆ. ಹಾಗೆ ಏರದಂತೆ ತಡೆಯುವ ಕೆಲಸವನ್ನು ಟ್ರಾನ್ಸ್‌ಫಾರ್ಮರಿಗೇ ವಹಿಸಿದ್ದಾರೆ. ಪ್ರೈಮರಿ (ಮನೆಯ ಕರೆಂಟು ಹೋಗುವ) ಮತ್ತು ಸೆಕೆಂಡರಿ ಸುರುಳಿಗಳ ನಡುವೆ, ಕೋರ್ ಎಂಬ ಕಬ್ಬಿಣದ ತಗಡುಗಳ ಕಟ್ಟಿನ ಎರಡೂ ಕಿಂಡಿಗಳಲ್ಲಿ, ತಗಡಿನ ಸಣ್ಣ ಕಟ್ಟುಗಳನ್ನು ತುರುಕಿರುವುದನ್ನು ನೀವು ನೋಡಿರಬೇಕು. ಅವೇ ಶಂಟ್‌ಗಳು. ಪ್ರೈಮರಿ ಹುಟ್ಟಿಸಿದ ಕಾಂತಪ್ರವಾಹದ ಒಂದು ಪಾಲು ಸೆಕೆಂಡರಿಯನ್ನು ಮುಟ್ಟದೆ ಆ ಅಡ್ಡದಾರಿಯಲ್ಲಿ ಹಿಂತಿರುಗುತ್ತದೆ. ಸೆಕೆಂಡರಿಯಿಂದ ಹೆಚ್ಚು ಎಳೆದಷ್ಟೂ ಆ ಪಾಲು ಹೆಚ್ಚಿ, ವೋಲ್ಟೇಜು ತಾನಾಗಿ ಕುಸಿಯುತ್ತದೆ.

ಎರಡನೆಯದು ಉಳಿತಾಯದ ಪ್ರಶ್ನೆ. ಓವನ್ ಒಮ್ಮೆಗೆ ಐದು-ಹತ್ತು ನಿಮಿಷ ನಡೆಯುವ ಯಂತ್ರ, ಒಳಗೆ ಫ್ಯಾನ್ ಬೇರೆ ಬೀಸುತ್ತಿರುತ್ತದೆ. ಆದ್ದರಿಂದ ತಯಾರಕರು ತಂತಿಯ ಸುತ್ತುಗಳನ್ನೂ ಕಬ್ಬಿಣವನ್ನೂ ಆದಷ್ಟು ಕಡಿಮೆ ಮಾಡಿ, ಕೋರನ್ನು ಸ್ಯಾಚುರೇಷನ್‌ನ (ಕಬ್ಬಿಣ ಇನ್ನಷ್ಟು ಕಾಂತಪ್ರವಾಹ ಹಿಡಿಯಲಾರದ ಸ್ಥಿತಿಯ) ಅಂಚಿನಲ್ಲೇ ಓಡಿಸುತ್ತಾರೆ. ನಿಮ್ಮದು ಎಷ್ಟು ಅಂಚಿನಲ್ಲಿದೆ ಎಂಬುದನ್ನು ಅಳೆದೇ ತಿಳಿಯಬಹುದು. ಸೆಕೆಂಡರಿಯನ್ನು ಪೂರ್ತಿ ತೆಗೆದ ಮೇಲೆ, ತೆಗೆಯುವ ಮೊದಲು ಖಂಡಿತ ಅಲ್ಲ, ಸಾಮಾನ್ಯ ವೈರಿಂಗ್ ತಂತಿಯನ್ನು ಹತ್ತು ಸುತ್ತು ಹಾಕಿ ಎಷ್ಟು ವೋಲ್ಟ್ ಬರುತ್ತದೆ ಎಂದು ನೋಡಿ. ಕೋರ್‌ನ ನಡುಗಾಲಿನ ಅಗಲ ಮತ್ತು ದಪ್ಪವನ್ನು ಸ್ಕೇಲಿನಲ್ಲಿ ಅಳೆಯಿರಿ. ಲೋಡ್ ಇಲ್ಲದೆ ಪ್ರೈಮರಿ ಎಷ್ಟು ಆಂಪಿಯರ್ ಎಳೆಯುತ್ತದೆ ಎಂಬುದನ್ನು ಕ್ಲ್ಯಾಂಪ್ ಮೀಟರ್‌ನಲ್ಲಿ ನೋಡಿ ಇಲ್ಲಿ ಬರೆಯಿರಿ.

ಸುರುಳಿ ಅಂಗಡಿ (ದಾವಣಗೆರೆ)

ಮೋಟರ್ ಮತ್ತು ಸ್ಟೆಬಿಲೈಸರ್ ವೈಂಡಿಂಗ್ ಅಂಗಡಿ ನಡೆಸುವವನಾಗಿ ಕತ್ತರಿಸುವ ಬಗೆಯನ್ನು ಹೇಳುತ್ತೇನೆ. ಈ ಕೋರ್‌ನ ತಗಡುಗಳನ್ನು ಬದಿಯಲ್ಲಿ ವೆಲ್ಡ್ ಮಾಡಿರುತ್ತಾರೆ. ಗ್ರೈಂಡರ್‌ನಲ್ಲಿ ಆ ವೆಲ್ಡ್ ಕತ್ತರಿಸಿ ಕೋರನ್ನೇ ತೆರೆಯುವವರಿದ್ದಾರೆ. ಸುರುಳಿ ಸಲೀಸಾಗಿ ಹೊರಬರುತ್ತದೆ ನಿಜ. ಮತ್ತೆ ಜೋಡಿಸುವಾಗ ಕೂದಲೆಳೆಯಷ್ಟು ಸಂದು ಉಳಿದರೂ ಗುಂಯ್‌ಗುಟ್ಟುವುದು, ಕರೆಂಟು ಹೆಚ್ಚು ಎಳೆಯುವುದು ತಪ್ಪದು. ಆದಕಾರಣ ಕೋರನ್ನು ಹಾಗೇ ಬಿಟ್ಟು ಸುರುಳಿಯನ್ನೇ ಗರಗಸದಲ್ಲಿ ಕತ್ತರಿಸುವುದು ನನ್ನ ಪದ್ಧತಿ.

ತೆಳು ತಂತಿಯ ದೊಡ್ಡ ಸುರುಳಿ ಸೆಕೆಂಡರಿ, ದಪ್ಪ ತಂತಿಯ ಚಿಕ್ಕದು ಪ್ರೈಮರಿ. ಇವೆರಡಲ್ಲದೆ ರಬ್ಬರ್ ತಂತಿಯ ಮೂರು-ನಾಲ್ಕು ಸುತ್ತು ಬೇರೆ ಇರುತ್ತದೆ. ಅದು ಮ್ಯಾಗ್ನೆಟ್ರಾನ್‌ನ ಫಿಲಮೆಂಟಿಗೆ ಸುಮಾರು 3.3 ವೋಲ್ಟ್ ಕೊಡುತ್ತಿತ್ತು, ಅದನ್ನು ಎಳೆದು ತೆಗೆಯಿರಿ. ಪ್ರೈಮರಿಯ ಮೇಲೆ ತಗಡಿನ ತುಂಡೊಂದನ್ನು ಅಡ್ಡ ಇಟ್ಟು, ಕೋರ್‌ಗೆ ಸಮನಾಗಿ ಸೆಕೆಂಡರಿಯ ಒಂದು ಪಕ್ಕವನ್ನು ಹ್ಯಾಕ್ಸಾ ಬ್ಲೇಡಿನಿಂದ ಕತ್ತರಿಸಿ, ಇನ್ನೊಂದು ಪಕ್ಕವನ್ನೂ ಕತ್ತರಿಸಿ. ಕಿಂಡಿಯಲ್ಲಿ ಉಳಿದ ತಂತಿಗೆ ನಾಲ್ಕಾರು ತೂತು ಕೊರೆದು ಸಡಿಲ ಮಾಡಿ, ಮರದ ತುಂಡಿಟ್ಟು ಸುತ್ತಿಗೆಯಲ್ಲಿ ಹೊರಕ್ಕೆ ತಳ್ಳಿ. ಬ್ಲೇಡು ಜಾರಿ ಪ್ರೈಮರಿಯ ಒಂದೇ ಒಂದು ಎಳೆಯ ಎನಾಮೆಲ್ ಕೆದರಿದರೂ ಆ ಟ್ರಾನ್ಸ್‌ಫಾರ್ಮರನ್ನು ನಾನು ಉಪಯೋಗಿಸುವುದಿಲ್ಲ. ಮುಗಿದ ಮೇಲೆ ಪ್ರೈಮರಿಗೂ ಕೋರ್‌ಗೂ ನಡುವೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕಿಸಿ. ನಿಮ್ಮೂರಿನ ಯಾವ ವೈಂಡಿಂಗ್ ಅಂಗಡಿಯಲ್ಲೂ ಮಾಡಿಕೊಡುತ್ತಾರೆ.

ಕತ್ತರಿಸಿದ ತಂತಿಯ ತುದಿಯನ್ನು ಒಮ್ಮೆ ಕೆರೆದು ನೋಡಿ. ಈಚಿನ ಅನೇಕ ಓವನ್‌ಗಳಲ್ಲಿ ಹೊರಗಿನ ಎನಾಮೆಲ್ ತಾಮ್ರದ ಬಣ್ಣದ್ದಾಗಿದ್ದು ಒಳಗೆ ಬಿಳಿ ಅಲ್ಯೂಮಿನಿಯಂ ಇರುತ್ತದೆ. ತಾಮ್ರ ಮಾರಿ ಖರ್ಚು ಹುಟ್ಟಿಸಿಕೊಳ್ಳುತ್ತೇನೆ ಎಂದುಕೊಂಡಿದ್ದರೆ ನಿರಾಶೆ ಕಾದಿದೆ. ಇನ್ವರ್ಟರ್ ಎಂದು ಬರೆದಿರುವ ಓವನ್‌ಗಳಲ್ಲಂತೂ ಈ ಕಬ್ಬಿಣದ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ, ಫೆರೈಟಿನ ಸಣ್ಣ ಗಟ್ಟಿಯೊಂದು ಬೋರ್ಡಿನ ಮೇಲೆ ಕೂತಿರುತ್ತದೆ. ಅದು ಈ ಕೆಲಸಕ್ಕೆ ಬಾರದು.

ಕೋಡುಗಲ್ಲು

ಸೆಕೆಂಡರಿಯನ್ನು ಏಕೆ ಹಾಳು ಮಾಡಬೇಕು? ಅದನ್ನು ಹಾಗೇ ಇಟ್ಟುಕೊಂಡು ಹಲಗೆಯ ಮೇಲೆ ಉಪ್ಪಿನ ಅಥವಾ ಸೋಡಾದ ನೀರು ಬಳಿದು ಎರಡು ಮೊಳೆಗಳಿಂದ ಕರೆಂಟು ಹರಿಸಿದರೆ ಮಿಂಚಿನ ಆಕಾರದ ಸುಟ್ಟ ಗೆರೆಗಳು ಮೂಡುತ್ತವೆ. ವಿಡಿಯೋಗಳಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. ನಮ್ಮ ಮನೆಯಲ್ಲಿ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿದುಬಿಡುವ ಸ್ವಿಚ್) ಇದೆ, ಆದ್ದರಿಂದ ಶಾಕ್ ಹೊಡೆದರೂ ಟ್ರಿಪ್ ಆಗುತ್ತದೆ ಎಂದುಕೊಂಡಿದ್ದೇನೆ.

ಲ್ಯಾನ್ಸಿಂಗ್ ಕನ್ನಡಿಗ (ಮಿಷಿಗನ್)

ದಯವಿಟ್ಟು ಮಾಡಬೇಡಿ. ನಾನಿರುವ ಅಮೆರಿಕದಲ್ಲಿ ಇದೇ ಹವ್ಯಾಸಕ್ಕೆ ಮೂವತ್ತಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಇಲ್ಲಿನ ಮರಕಡೆತದವರ ಸಂಘವಾದ ಅಮೆರಿಕನ್ ಅಸೋಸಿಯೇಷನ್ ಆಫ್ ವುಡ್‌ಟರ್ನರ್ಸ್ ತನ್ನ ಕಾರ್ಯಕ್ರಮಗಳಲ್ಲಿ ಈ ವಿಧಾನದ ಪ್ರದರ್ಶನವನ್ನೇ ನಿಷೇಧಿಸಿದೆ. ಸತ್ತವರಲ್ಲಿ ಹೊಸಬರಷ್ಟೇ ಅಲ್ಲ, ವಿದ್ಯುತ್ ಕೆಲಸ ಬಲ್ಲವರೂ ಇದ್ದರು. ನನ್ನ ಗ್ಯಾರೇಜಿನಲ್ಲಿ ಇಂಥ ಮೂರು ಟ್ರಾನ್ಸ್‌ಫಾರ್ಮರ್‌ಗಳಿವೆ. ಮನೆಗೆ ತಂದ ದಿನವೇ ಮೂರರ ಸೆಕೆಂಡರಿಯನ್ನೂ ಕತ್ತರಿಸಿಹಾಕಿದ್ದೇನೆ, ಮಗನ ಕೈಗೆ ಸಿಕ್ಕರೂ ಮೊದಲಿನ ಕೆಲಸಕ್ಕೆ ಬರಬಾರದು ಎಂದು.

ಮೇಷ್ಟ್ರು

ಆರ್‌ಸಿಸಿಬಿ ಕಾಪಾಡುತ್ತದೆ ಎಂಬ ನಂಬಿಕೆ ಏಕೆ ತಪ್ಪು ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಸಾಕಷ್ಟು ತಿಳಿದವರೂ ಇಲ್ಲಿ ಎಡವುತ್ತಾರೆ. ಆರ್‌ಸಿಸಿಬಿ ನೋಡುವುದು ಒಂದನ್ನೇ: ಫೇಸ್‌ನಲ್ಲಿ ಹೋದ ಕರೆಂಟಿನಷ್ಟೇ ನ್ಯೂಟ್ರಲ್‌ನಲ್ಲಿ ಹಿಂತಿರುಗಿತೇ ಎಂದು. ಓವನ್ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಯ ಒಂದು ತುದಿ ಕೋರ್‌ಗೇ ಸೇರಿರುತ್ತದೆ, ಇನ್ನೊಂದು ತುದಿಯಲ್ಲಿ ಸುಮಾರು 2000 ವೋಲ್ಟ್ ಇರುತ್ತದೆ. ಆ ತುದಿಯನ್ನು ಮುಟ್ಟಿದವರ ಮೈಯಿಂದ ಹರಿದ ಕರೆಂಟು ನೆಲದ ಮೂಲಕವೋ ಬಾಡಿಯ ಮೂಲಕವೋ ಕೋರ್‌ಗೆ ಬಂದು ಸೆಕೆಂಡರಿಯೊಳಗೇ ಸುತ್ತು ಮುಗಿಸುತ್ತದೆ. ಪ್ರೈಮರಿಯ ಕಡೆ ಫೇಸ್ ಮತ್ತು ನ್ಯೂಟ್ರಲ್ ಎರಡೂ ಒಟ್ಟಿಗೆ ಸಮನಾಗಿ ಏರುತ್ತವೆ. ಆರ್‌ಸಿಸಿಬಿಯ ಕಣ್ಣಿಗೆ ಅದು ಉರಿಯುತ್ತಿರುವ ಗೀಸರ್‌ನಂತೆ ಕಾಣುತ್ತದೆ. ಕರೆಂಟು ಮಿತಿ ಮೀರಿದಾಗ ಮಾತ್ರ ಬೀಳುವ ಎಂಸಿಬಿಯ ಕಣ್ಣಿಗೆ ಅದು ಸಣ್ಣ ಲೋಡ್. ಇಬ್ಬರೂ ಸುಮ್ಮನೆ ನೋಡುತ್ತಾ ನಿಲ್ಲುತ್ತಾರೆ.

ಹಳೇ ಬೆಂಚು

ತಮ್ಮಾ ಕೋಡುಗಲ್ಲು, ಹಲಗೆಯ ಮೇಲೆ ಚಿತ್ರ ಬೇಕಾದರೆ ಸೋಲ್ಡರಿಂಗ್ ಐರನ್ ಇದೆ. ಬಿಟ್ಟುಬಿಡು ಆ ಯೋಚನೆಯನ್ನು.

ನಿರ್ವಾಹಕರು

ಸೆಕೆಂಡರಿಯನ್ನು ಉಳಿಸಿಕೊಂಡು ಮಾಡುವ ಯಾವುದೇ ಪ್ರಯೋಗದ ಚರ್ಚೆಗೆ ಈ ಎಳೆಯಲ್ಲಿ ಅವಕಾಶವಿಲ್ಲ. ತುಂಗಾತೀರ ಅವರ ಪ್ರಶ್ನೆಗೆ ಹಿಂತಿರುಗೋಣ.

ತುಂಗಾತೀರ

ಮೇಷ್ಟ್ರೇ, ಅಳತೆ ಮುಗಿಯಿತು. ಕತ್ತರಿಸಲು ಒಂದು ಭಾನುವಾರ ಪೂರ್ತಿ, ನಾಲ್ಕು ಬ್ಲೇಡು, ಎರಡು ಗುಳ್ಳೆ ಖರ್ಚಾದವು. ಮೊದಲ ಸಲ ಪವರ್ ಕೊಡುವಾಗ 100 ವ್ಯಾಟ್ ಬಲ್ಬಿನ ಸೀರೀಸ್ ಬೋರ್ಡ್ ಮೂಲಕ ಕೊಟ್ಟೆ, ಬಲ್ಬು ಮಂಕಾಗಿ ಉರಿಯಿತಷ್ಟೇ. ನೇರ ಸಂಪರ್ಕದಲ್ಲಿ ಸಂಜೆ 230 ವೋಲ್ಟ್ ಇದ್ದಾಗ ಹತ್ತು ಸುತ್ತಿಗೆ 8.6 ವೋಲ್ಟ್ ಬಂತು. ನಡುಗಾಲಿನ ಅಗಲ 35 ಮಿಲಿಮೀಟರ್, ದಪ್ಪ 62 ಮಿಲಿಮೀಟರ್. ಲೋಡ್ ಏನೂ ಇಲ್ಲದೆ 2.3 ಆಂಪಿಯರ್ ಎಳೆಯುತ್ತಿದೆ! ಅರ್ಧ ಗಂಟೆ ಬಿಟ್ಟು ಮುಟ್ಟಿ ನೋಡಿದರೆ ಕೋರ್ ಮೇಲೆ ಕೈ ಇಡಲಾಗುತ್ತಿರಲಿಲ್ಲ. ರಾತ್ರಿ ಹನ್ನೊಂದರ ಮೇಲೆ ನಮ್ಮ ಬೀದಿಯಲ್ಲಿ ವೋಲ್ಟೇಜು 246ಕ್ಕೆ ಏರುತ್ತದೆ, ಆಗ ಅದೇ ಕರೆಂಟು 3.4 ಆಂಪಿಯರ್ ಆಯಿತು. ಹದಿನಾರು ವೋಲ್ಟ್ ಹೆಚ್ಚಿದ್ದಕ್ಕೆ ಕರೆಂಟು ಒಂದೂವರೆ ಪಟ್ಟು ಆಗಲು ಕಾರಣವೇನು?

ಮೇಷ್ಟ್ರು

ನಿಮ್ಮ ಅಳತೆಯೇ ಉತ್ತರ ಹೇಳುತ್ತಿದೆ. ಸುತ್ತಿಗೆ 0.86 ವೋಲ್ಟ್ ಎಂದರೆ ಪ್ರೈಮರಿಯಲ್ಲಿ ಸುಮಾರು 267 ಸುತ್ತುಗಳಿವೆ. ಸುತ್ತಿಗೆ ಬರುವ ವೋಲ್ಟೇಜು 4.44 ಗುಣಿಸು ಆವರ್ತಾಂಕ ಗುಣಿಸು ಕಾಂತಸಾಂದ್ರತೆ ಗುಣಿಸು ಕೋರ್‌ನ ವಿಸ್ತೀರ್ಣ ಎಂಬ ಸೂತ್ರ ಪಿಯುಸಿ ದಾಟಿದವರಿಗೆ ನೆನಪಿರಬಹುದು. ತಗಡುಗಳ ನಡುವಿನ ಲೇಪಕ್ಕೆ ಶೇಕಡಾ 5 ಕಳೆದರೆ ನಿಮ್ಮ ಕೋರ್‌ನ ವಿಸ್ತೀರ್ಣ ಸುಮಾರು 20.6 ಚದರ ಸೆಂಟಿಮೀಟರ್. ಲೆಕ್ಕ ಹಾಕಿದರೆ ಕಾಂತಸಾಂದ್ರತೆಯ ಗರಿಷ್ಠ 1.88 ಟೆಸ್ಲಾ ಬರುತ್ತದೆ. ಸಿಲಿಕಾನ್ ಉಕ್ಕು ಎರಡು ಟೆಸ್ಲಾದ ಆಸುಪಾಸಿನಲ್ಲಿ ಕೈಚೆಲ್ಲುತ್ತದೆ. ಆ ಮಟ್ಟದಲ್ಲಿ ಕಾಂತಪ್ರವಾಹವನ್ನು ಇನ್ನೊಂದಿಷ್ಟು ಏರಿಸಲು ಕರೆಂಟನ್ನು ವಿಪರೀತ ಏರಿಸಬೇಕಾಗುತ್ತದೆ. ರಾತ್ರಿಯ 246 ವೋಲ್ಟಿಗೆ ಅದು ಎರಡು ಟೆಸ್ಲಾ ಮುಟ್ಟುತ್ತದೆ, ಆದ್ದರಿಂದಲೇ ಕರೆಂಟು ಜಿಗಿಯಿತು. ಬ್ಯಾಟರಿ ಚಾರ್ಜರ್ ನಡೆಯುವುದು ಬಹುಪಾಲು ರಾತ್ರಿಯೇ ಎಂಬುದನ್ನೂ ಗಮನಿಸಿ.

ಇದಕ್ಕೆ ಎರಡು ಪರಿಹಾರಗಳಿವೆ. ಮೊದಲನೆಯದು, ಒಂದೇ ಮಾದರಿಯ ಎರಡು ಟ್ರಾನ್ಸ್‌ಫಾರ್ಮರ್‌ಗಳ ಪ್ರೈಮರಿಗಳನ್ನು ಸರಣಿಯಲ್ಲಿ ಜೋಡಿಸುವುದು. ಒಂದೊಂದಕ್ಕೂ 115 ವೋಲ್ಟ್ ಮಾತ್ರ ಬಂದು ಕಾಂತಸಾಂದ್ರತೆ ಅರ್ಧಕ್ಕಿಳಿಯುತ್ತದೆ, ಬಿಸಿಯ ಪ್ರಶ್ನೆಯೇ ಇರುವುದಿಲ್ಲ. ಆದರೆ ನಿಮ್ಮವು ಬೇರೆ ಬೇರೆ ಕಂಪನಿಯವು. ಲೋಡ್ ಇಲ್ಲದಾಗ ಅವು ವೋಲ್ಟೇಜನ್ನು ಸಮನಾಗಿ ಹಂಚಿಕೊಳ್ಳುವುದಿಲ್ಲ, ಒಂದು ಹೆಚ್ಚಿನ ಪಾಲು ಹೊತ್ತು ಮತ್ತೆ ಹಳೆಯ ಸ್ಥಿತಿಗೇ ಹತ್ತಿರವಾಗಬಹುದು.

ಎರಡನೆಯದು, ಖಾಲಿಯಾದ ಕಿಂಡಿಯಲ್ಲಿ ಪ್ರೈಮರಿಗೆ ಇನ್ನೂ 65 ಸುತ್ತು ಸೇರಿಸಿ ಸರಣಿಯಲ್ಲಿ ಜೋಡಿಸುವುದು. ಆಗ ಒಟ್ಟು 332 ಸುತ್ತಾಗಿ, ಕಾಂತಸಾಂದ್ರತೆ 1.5 ಟೆಸ್ಲಾಗೆ ಇಳಿಯುತ್ತದೆ. ಸುತ್ತಿಗೆ 0.69 ವೋಲ್ಟ್ ಆಗುವ ಕಾರಣ 14 ವೋಲ್ಟಿಗೆ ಇಪ್ಪತ್ತು ಸುತ್ತು ಬೇಕಾಗುತ್ತದೆ.

ಸುರುಳಿ ಅಂಗಡಿ

ಮೇಷ್ಟ್ರ ಎರಡನೆಯ ದಾರಿಯನ್ನು ನಮ್ಮ ಅಂಗಡಿಯಲ್ಲಿ ಎರಡು ಸಲ ಮಾಡಿದ್ದೇನೆ, ಲೋಡಿಲ್ಲದ ಕರೆಂಟು ಅರ್ಧ ಆಂಪಿಯರ್‌ಗಿಂತ ಕೆಳಗೆ ಬಂದಿದೆ. ಒಂದು ಎಚ್ಚರಿಕೆ ಬೇಕು. ಹೊಸ 65 ಸುತ್ತನ್ನು ತಿರುಗುಮುರುಗಾಗಿ ಜೋಡಿಸಿದರೆ ಅದು ಕೂಡುವ ಬದಲು ಕಳೆಯುತ್ತದೆ, 332 ಆಗಬೇಕಾದದ್ದು 202 ಆಗುತ್ತದೆ. ಸೀರೀಸ್ ಬೋರ್ಡ್‌ನಲ್ಲಿ ಹಾಕಿ ನೋಡಿದರೆ ಒಂದು ಜೋಡಣೆಯಲ್ಲಿ ಬಲ್ಬು ಕೆಂಪಗೆ ಕೂಡ ಆಗುವುದಿಲ್ಲ, ಇನ್ನೊಂದರಲ್ಲಿ ಚೆನ್ನಾಗಿ ಉರಿಯುತ್ತದೆ. ಕೆಂಪಗಾಗದ ಜೋಡಣೆಯೇ ಸರಿ.

ಆದರೆ ಖರ್ಚಿನ ಲೆಕ್ಕವನ್ನೂ ನೋಡಿ. ಇಪ್ಪತ್ತು ಸುತ್ತಿಗೆ 10 ಗೇಜಿನ ತಾಮ್ರ, 65 ಸುತ್ತಿಗೆ 18 ಗೇಜಿನದು, ಎರಡೂ ಸೇರಿ ಅರ್ಧ ಕಿಲೋ ಮೀರುತ್ತದೆ. ಅದರ ಮೇಲೆ ಲೆದರಾಯ್ಡ್ ಕಾಗದ, ವಾರ್ನಿಷ್, ವೆಲ್ಡ್ ಬಿಚ್ಚದೆ ಕಿಂಡಿಯೊಳಗೆ ಒಂದೊಂದೇ ಸುತ್ತು ತೂರಿಸುವ ಕೈಕೆಲಸ. ಅದೇ ಗುಜರಿ ಅಂಗಡಿಯಲ್ಲಿ ಬೋರ್ಡ್ ಸುಟ್ಟ ಹಳೆಯ ಯುಪಿಎಸ್ ಒಂದನ್ನು ಹುಡುಕಿ. ಅದರ ಟ್ರಾನ್ಸ್‌ಫಾರ್ಮರ್ ದಿನವಿಡೀ ಆನ್ ಇರಲೆಂದೇ ಮಾಡಿದ್ದು, 12 ವೋಲ್ಟ್ ಬ್ಯಾಟರಿಗೆ ತಕ್ಕ ದಪ್ಪ ಸುರುಳಿ ಆಗಲೇ ಇರುತ್ತದೆ, ಹಲವದರಲ್ಲಿ ಚಾರ್ಜಿಂಗ್‌ಗೆಂದೇ ಬೇರೆ ಟ್ಯಾಪ್ ಕೂಡ ಇರುತ್ತದೆ. ನನ್ನ ಗಿರಾಕಿಯಾಗಿದ್ದರೆ ನಿಮಗೆ ಅದನ್ನೇ ಹೇಳುತ್ತಿದ್ದೆ. ಓವನ್‌ನದ್ದು ಕ್ಷಣಮಾತ್ರದ ಕೆಲಸಕ್ಕೆ ಹುಟ್ಟಿದ್ದು, ಅದನ್ನು ಸ್ಪಾಟ್ ವೆಲ್ಡಿಂಗ್‌ಗೆ (ತಗಡುಗಳನ್ನು ಚುಕ್ಕೆಯಷ್ಟು ಜಾಗದಲ್ಲಿ ಕರೆಂಟು ಹರಿಸಿ ಬೆಸೆಯುವುದಕ್ಕೆ) ಬಿಡಿ.

ತುಂಗಾತೀರ

ಒಪ್ಪಿದೆ. ಚಾರ್ಜರ್ ಯೋಚನೆಯನ್ನು ಬಿಟ್ಟೆ. ಹೇಗೂ ನನ್ನ ಬಳಿ ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳಿಂದ ತೆಗೆದ 18650 ಎಂಬ ದುಂಡನೆಯ ಲಿಥಿಯಂ ಸೆಲ್‌ಗಳಿವೆ, ಅವಕ್ಕೆ ನಿಕ್ಕಲ್ ಪಟ್ಟಿ ಬೆಸೆಯಲು ಸ್ಪಾಟ್ ವೆಲ್ಡರ್ ಬೇಕಾಗಿತ್ತು. ಸೆಕೆಂಡರಿಯ ಜಾಗದಲ್ಲಿ 50 ಚದರ ಮಿಲಿಮೀಟರ್ ವೆಲ್ಡಿಂಗ್ ಕೇಬಲ್ ಎರಡು ಸುತ್ತು ಹಿಡಿಸುತ್ತದೆ. ಶಂಟ್‌ಗಳನ್ನು ಇಡಬೇಕೇ, ತೆಗೆಯಬೇಕೇ?

ಮೇಷ್ಟ್ರು

ತೆಗೆಯಿರಿ. ನಿಮಗೆ ಈಗ ಬೇಕಾಗಿರುವುದು ತಡೆಯಿಲ್ಲದ ಕರೆಂಟು. ಕೋರ್ ಮತ್ತು ಪೆಟ್ಟಿಗೆಗೆ ಅರ್ತ್ ಕೊಡುವುದನ್ನು ಮಾತ್ರ ಮರೆಯಬೇಡಿ. ಸೆಕೆಂಡರಿ ಎರಡೇ ವೋಲ್ಟಿನದ್ದಾದರೂ ಅದೇ ಕಿಂಡಿಯಲ್ಲಿ 230 ವೋಲ್ಟಿನ ಸುರುಳಿ ಪಕ್ಕದಲ್ಲೇ ಇದೆ.

ವಿಜ್ಞಾನ ಟೀಚರ್ (ಹಾಸನ)

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮ ಪ್ರೌಢಶಾಲೆಯ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಟ್ರಾನ್ಸ್‌ಫಾರ್ಮರಿನ ತತ್ವ ತೋರಿಸಲು, ಇಂಥ ಎರಡು ಸುತ್ತಿನ ಕೇಬಲಿನಿಂದ ಮೊಳೆಯನ್ನು ಕೆಂಪಗೆ ಕಾಯಿಸಿ ತೋರಿಸಬಹುದೇ?

ಹಳೇ ಬೆಂಚು

ತೋರಿಸಬಹುದು ಟೀಚರ್, ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ಆದರೆ ಸೆಕೆಂಡರಿ ಪೂರ್ತಿ ಬದಲಾಗಿದೆ ಎಂಬುದನ್ನು ಬಲ್ಲವರೊಬ್ಬರು ನೋಡಿರಬೇಕು, 230 ವೋಲ್ಟಿನ ಭಾಗವೆಲ್ಲ ಅರ್ತ್ ಇರುವ ಪೆಟ್ಟಿಗೆಯೊಳಗೆ ಸೇರಿ ಸ್ಕ್ರೂ ಬಿದ್ದಿರಬೇಕು, ಸ್ವಿಚ್ ನಿಮ್ಮ ಕೈಯಲ್ಲಿರಬೇಕೇ ಹೊರತು ಮಕ್ಕಳ ಕೈಯಲ್ಲಲ್ಲ. ಎರಡು ವೋಲ್ಟ್ ಶಾಕ್ ಹೊಡೆಯುವುದಿಲ್ಲ. ಆದರೆ ಬಳೆ, ಉಂಗುರ, ವಾಚು ಎರಡು ತುದಿಗೂ ಅಡ್ಡ ಬಿದ್ದರೆ ಅದೂ ಮೊಳೆಯಂತೆಯೇ ಕಾಯುತ್ತದೆ. ನನ್ನ ಷಡ್ಡಕರ ಬೆರಳಿನಲ್ಲಿ ಉಂಗುರದ ಅಗಲದ ಗುರುತು ಇವತ್ತಿಗೂ ಇದೆ. ಕಿಡಿ ಸಿಡಿಯುವುದರಿಂದ ಕನ್ನಡಕ ಹಾಕಿಕೊಳ್ಳಿ, ಮೊದಲ ಸಾಲನ್ನು ಎರಡು ಮೀಟರ್ ಹಿಂದೆ ನಿಲ್ಲಿಸಿ.

ತುಂಗಾತೀರ (ಮೂರು ವಾರಗಳ ನಂತರ)

ಕೆಲಸ ಒಂದು ಹಂತಕ್ಕೆ ಬಂದಿದೆ, ಆದರೆ ಎರಡು ತೊಂದರೆಗಳಿವೆ.

ಮೊದಲನೆಯದು, ಬೆಸುಗೆ ಗಟ್ಟಿಯಾಗುತ್ತಿಲ್ಲ. ಅನುಕೂಲವಾಗಲೆಂದು ಕೇಬಲನ್ನು ಉದ್ದ ಬಿಟ್ಟಿದ್ದೆ, ಹೋಗಿ ಬರುವ ಉದ್ದ ಸೇರಿ ಎರಡು ಮೀಟರ್ ಆಗುತ್ತದೆ. ಎರಡನೆಯದು, ಆರ್ಡುಯಿನೋ ಎಂಬ ಸಣ್ಣ ಕಂಟ್ರೋಲರ್ ಬೋರ್ಡಿನಿಂದ ಸಾಲಿಡ್ ಸ್ಟೇಟ್ ರಿಲೇ (ಎಲೆಕ್ಟ್ರಾನಿಕ್ ಸ್ವಿಚ್) ಓಡಿಸಿ 40 ಮಿಲಿಸೆಕೆಂಡಿನ ಪಲ್ಸ್ ಕೊಡುತ್ತಿದ್ದೇನೆ. ಪೆಡಲ್ ಒತ್ತಿದಾಗ ಹತ್ತರಲ್ಲಿ ನಾಲ್ಕು ಸಲ ಮನೆಯ ಬಿ ವಿಧದ 16 ಆಂಪಿಯರ್ ಎಂಸಿಬಿ ಬಿದ್ದುಹೋಗುತ್ತದೆ. ಅಂಗಡಿಯವರು ಸೊನ್ನೆ ದಾಟುವಾಗ ಆನ್ ಆಗುವ ಒಳ್ಳೆಯ ಜಾತಿಯ ರಿಲೇ ಎಂದೇ ಹೇಳಿ ಕೊಟ್ಟಿದ್ದರು. ಮನೆಯವರ ಸೀರಿಯಲ್ ಸಮಯದಲ್ಲಿ ಕರೆಂಟು ಹೋದದ್ದರಿಂದ ಪ್ರಯೋಗಕ್ಕೆ ಸದ್ಯ ತಡೆಯಾಜ್ಞೆ ಬಂದಿದೆ.

ಮೇಷ್ಟ್ರು

ಕೇಬಲಿನ ವಿಷಯ ಸುಲಭ. 50 ಚದರ ಮಿಲಿಮೀಟರ್ ತಾಮ್ರಕ್ಕೆ ಮೀಟರಿಗೆ 0.34 ಮಿಲಿಓಮ್ ತಡೆ. 700 ಆಂಪಿಯರ್ ಹರಿಯಬೇಕಾದರೆ ಎರಡು ಮೀಟರಿನಲ್ಲೇ ಸುಮಾರು ಅರ್ಧ ವೋಲ್ಟ್ ಕಳೆದುಹೋಗುತ್ತದೆ. ನಿಮ್ಮ ಬಳಿ ಇರುವುದೇ 1.72 ವೋಲ್ಟ್. ಕೇಬಲಿನ ಎರಡು ತುದಿಗಳನ್ನು ದೂರ ದೂರ ಹರಡಿದ್ದರೆ ಆ ಕುಣಿಕೆಯ ಇಂಡಕ್ಟೆನ್ಸ್ ಮತ್ತೂ ಸ್ವಲ್ಪ ತಿನ್ನುತ್ತದೆ. ಟ್ರಾನ್ಸ್‌ಫಾರ್ಮರನ್ನೇ ಕೆಲಸದ ಹತ್ತಿರ ತಂದು, ಕೇಬಲನ್ನು ಗೇಣುದ್ದಕ್ಕೆ ಇಳಿಸಿ, ಎರಡೂ ತುದಿಗಳನ್ನು ಒಟ್ಟಿಗೆ ಕಟ್ಟಿ.

ಎಂಸಿಬಿಯ ಕಥೆ ಹೆಚ್ಚು ಸ್ವಾರಸ್ಯಕರವಾದದ್ದು. ಬಲ್ಬು, ಹೀಟರ್‌ಗಳಿಗೆ ಸೊನ್ನೆಯಲ್ಲಿ ಆನ್ ಆಗುವುದು ಒಳ್ಳೆಯದು. ಟ್ರಾನ್ಸ್‌ಫಾರ್ಮರಿಗೆ ಅದೇ ಅತ್ಯಂತ ಕೆಟ್ಟ ಗಳಿಗೆ. ಕೋರ್‌ನ ಕಾಂತಪ್ರವಾಹ ವೋಲ್ಟೇಜಿಗಿಂತ ಕಾಲು ಆವರ್ತ ಹಿಂದೆ ಇರುತ್ತದೆ. ವೋಲ್ಟೇಜು ಸೊನ್ನೆ ಇದ್ದಾಗ ಶುರು ಮಾಡಿದರೆ ಮೊದಲ ಅರ್ಧ ಆವರ್ತ ಪೂರ್ತಿ ಕಾಂತಪ್ರವಾಹ ಒಂದೇ ದಿಕ್ಕಿಗೆ ಏರುತ್ತಾ ಹೋಗಿ ಎಂದಿನ ಗರಿಷ್ಠದ ಎರಡು ಪಟ್ಟು ಮುಟ್ಟಲು ನೋಡುತ್ತದೆ. ಆಗಲೇ 1.88 ಟೆಸ್ಲಾದಲ್ಲಿರುವ ಕೋರ್‌ಗೆ ಎರಡು ಪಟ್ಟು ಎಲ್ಲಿಂದ ಬರಬೇಕು? ಕೋರ್ ಇಲ್ಲವೇ ಇಲ್ಲ ಎಂಬಂತಾಗಿ ಪ್ರೈಮರಿಯ ತಂತಿಯ ತಡೆ ಮಾತ್ರ ಉಳಿಯುತ್ತದೆ. ಬಿ ವಿಧದ ಎಂಸಿಬಿ ತನ್ನ ಅಂಕಿಯ ಮೂರರಿಂದ ಐದು ಪಟ್ಟಿಗೇ ತಕ್ಷಣ ಬೀಳುತ್ತದೆ. ಹಿಂದಿನ ಪಲ್ಸ್ ಕೋರ್‌ನಲ್ಲಿ ಬಿಟ್ಟುಹೋದ ಕಾಂತತ್ವ ಅದೇ ದಿಕ್ಕಿನಲ್ಲಿದ್ದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ, ವಿರುದ್ಧ ದಿಕ್ಕಿನಲ್ಲಿದ್ದರೆ ಬಚಾವು. ಹತ್ತರಲ್ಲಿ ನಾಲ್ಕೇ ಸಲ ಬೀಳುವ ಗುಟ್ಟು ಬಹುಶಃ ಇದೇ.

ಎಂಸಿಬಿಯನ್ನು ದೊಡ್ಡದು ಮಾಡುವುದು ಪರಿಹಾರವಲ್ಲ, ಅದು ಗೋಡೆಯೊಳಗಿನ ತಂತಿಯನ್ನು ಕಾಯಲು ಇರುವುದು. ರಿಲೇಯನ್ನು ಬದಲಿಸಿ. ಸೊನ್ನೆ ನೋಡುವ ಎಂಒಸಿ3041 ಚಿಪ್ಪಿನ ಬದಲು, ಸೊನ್ನೆಗೆ ಕಾಯದ ಎಂಒಸಿ3021 ಮತ್ತು ಬಿಟಿಎ41 ಟ್ರಯಾಕ್ (ಎಸಿ ಕರೆಂಟಿನ ಎಲೆಕ್ಟ್ರಾನಿಕ್ ಸ್ವಿಚ್) ಹಾಕಿ, ಸ್ನಬರ್ (ವೋಲ್ಟೇಜಿನ ಜಿಗಿತ ತಗ್ಗಿಸುವ ರೆಸಿಸ್ಟರ್-ಕೆಪಾಸಿಟರ್ ಜೋಡಿ) ಸೇರಿಸಿ. ಸೊನ್ನೆ ದಾಟಿದ್ದನ್ನು ಆರ್ಡುಯಿನೋ ಗುರುತಿಸಿದ ಮೇಲೆ 5 ಮಿಲಿಸೆಕೆಂಡ್ ಕಾದು, ವೋಲ್ಟೇಜು ತುದಿಯಲ್ಲಿದ್ದಾಗ ಮೊದಲ ಕಿಕ್ ಕೊಡಿ. ಆಮೇಲಿನ ಅರ್ಧ ಆವರ್ತಗಳಿಗೆ ಗೇಟನ್ನು ಸತತವಾಗಿ ಆನ್ ಇಡಿ. ಒಟ್ಟು ಅರ್ಧ ಆವರ್ತಗಳ ಸಂಖ್ಯೆ ಯಾವಾಗಲೂ ಸರಿಸಂಖ್ಯೆಯಾಗಿರಲಿ.

ಸುರುಳಿ ಅಂಗಡಿ

ಪೆಡಲ್ ಎಂದಿರಿ, ಹೊಲಿಗೆ ಯಂತ್ರದ್ದೇ? ಅದರೊಳಗೆ ಇರುವುದು ಸ್ವಿಚ್ ಅಲ್ಲ, ವೇಗ ಹೆಚ್ಚುಕಡಿಮೆ ಮಾಡುವ ರೆಸಿಸ್ಟೆನ್ಸ್. ಅದನ್ನು 230 ವೋಲ್ಟಿನ ದಾರಿಯಲ್ಲಿ ಹಾಕಬೇಡಿ. ಸಾಧಾರಣ ಫುಟ್ ಸ್ವಿಚ್ ತಂದು ಆರ್ಡುಯಿನೋದ 5 ವೋಲ್ಟಿನ ಕಡೆಗೇ ಕೊಡಿ, ಕಾಲ ಕೆಳಗೆ ಮೇನ್ಸ್ ಇರಕೂಡದು.

ಲ್ಯಾನ್ಸಿಂಗ್ ಕನ್ನಡಿಗ

ಊರಿಗೆ ಬರುವಾಗ ಇಲ್ಲಿನ ಟ್ರಾನ್ಸ್‌ಫಾರ್ಮರ್ ಒಂದೆರಡು ತರುವಿರಾ ಎಂದು ಒಬ್ಬರು ಖಾಸಗಿಯಾಗಿ ಕೇಳಿದ್ದಾರೆ. ಪ್ರಯೋಜನವಿಲ್ಲ. ಇಲ್ಲಿನವು 120 ವೋಲ್ಟ್, 60 ಹರ್ಟ್ಸ್‌ಗೆ ಮಾಡಿದವು. ಎರಡನ್ನು ಸರಣಿಯಲ್ಲಿ ಹಾಕಿ 115 ವೋಲ್ಟ್ ಕೊಟ್ಟರೂ 50 ಹರ್ಟ್ಸ್ ಆದ್ದರಿಂದ ಕೋರ್‌ನ ಮೇಲಿನ ಹೊರೆ ಶೇಕಡಾ 15 ಹೆಚ್ಚುತ್ತದೆ. ಆಗಲೇ ಅಂಚಿನಲ್ಲಿರುವುದನ್ನು ಅಂಚಿನಾಚೆ ತಳ್ಳಿದಂತಾಗುತ್ತದೆ.

ತುಂಗಾತೀರ (ಮತ್ತೆ ಎರಡು ವಾರಗಳ ನಂತರ)

ಮೇಷ್ಟ್ರ ಲೆಕ್ಕ ತಪ್ಪಲಿಲ್ಲ. ಟ್ರಯಾಕ್ ಬದಲಿಸಿ ಐದು ಮಿಲಿಸೆಕೆಂಡ್ ತಡಮಾಡಿ ಕಿಕ್ ಕೊಟ್ಟ ಮೇಲೆ ಸುಮಾರು ಇನ್ನೂರು ಬೆಸುಗೆ ಹಾಕಿದ್ದೇನೆ, ಎಂಸಿಬಿ ಒಮ್ಮೆಯೂ ಬೀಳಲಿಲ್ಲ. ಮೊದಲು ಪ್ರತಿ ಸಲ ದಢ್ ಎಂದು ಟೇಬಲ್ಲೇ ನಡುಗುತ್ತಿದ್ದದ್ದು ಈಗ ಡುರ್ ಎಂಬ ಸಣ್ಣ ಸದ್ದಾಗಿದೆ. ಕೇಬಲನ್ನು ಮೂವತ್ತು ಸೆಂಟಿಮೀಟರಿಗೆ ಇಳಿಸಿದ್ದೇನೆ.

0.15 ಮಿಲಿಮೀಟರ್ ನಿಕ್ಕಲ್ ಪಟ್ಟಿಗೆ ನನ್ನ ಯಂತ್ರದಲ್ಲಿ ಹೊಂದಿಕೊಂಡದ್ದು ಹೀಗಿದೆ: ಮೊದಲು 20 ಮಿಲಿಸೆಕೆಂಡಿನ ಒಂದು ಪಲ್ಸ್, ಸ್ವಲ್ಪ ವಿರಾಮ, ಆಮೇಲೆ 40 ಮಿಲಿಸೆಕೆಂಡಿನದ್ದು. ಮೊದಲ ಪಲ್ಸಿಗೆ ಪಟ್ಟಿ ಕೂತುಕೊಳ್ಳುತ್ತದೆ, ಎರಡನೆಯದಕ್ಕೆ ಬೆಸೆದುಕೊಳ್ಳುತ್ತದೆ. ಇಕ್ಕಳದಲ್ಲಿ ಎಳೆದರೆ ಪಟ್ಟಿ ಹರಿದು ಎರಡು ನಿಕ್ಕಲ್ ಚುಕ್ಕೆಗಳು ಸೆಲ್‌ನ ಮೇಲೇ ಉಳಿಯುತ್ತವೆ, ಅದೇ ಒಳ್ಳೆಯ ಬೆಸುಗೆಯ ಗುರುತು. 80 ಮಿಲಿಸೆಕೆಂಡಿಗೆ ಏರಿಸಿದಾಗ ಪಟ್ಟಿಯೇ ತೂತಾಯಿತು, ಸೆಲ್‌ನ ತಳ ಬಿಸಿಯಾಗಿ ನೀಲಿ ಉಂಗುರ ಮೂಡಿತು. ಅದೃಷ್ಟಕ್ಕೆ ಅದು ಅಭ್ಯಾಸಕ್ಕೆಂದು ಇಟ್ಟುಕೊಂಡ ಪೂರ್ತಿ ಸತ್ತ ಸೆಲ್ ಆಗಿತ್ತು. ಜೀವವಿರುವ ಸೆಲ್‌ನ ಮೇಲೆ ಯಾರೂ ಸಮಯವನ್ನು ಊಹಿಸಿ ಪ್ರಯೋಗ ಮಾಡಬೇಡಿ.

ಬರೀ ಬ್ಯಾಟರಿ ಕಟ್ಟುವುದೇ ಉದ್ದೇಶವಾದರೆ ಬ್ಯಾಟರಿಯಿಂದ ನಡೆಯುವ ಅಂಗೈಯಗಲದ ಸ್ಪಾಟ್ ವೆಲ್ಡರ್‌ಗಳು ಈಗ ಕಡಿಮೆ ಬೆಲೆಗೆ ಸಿಗುತ್ತವೆ, ಅವುಗಳ ಸಮಯದ ಹಿಡಿತವೂ ನನ್ನದಕ್ಕಿಂತ ನಯವಾಗಿದೆ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ನನ್ನದು ಗೆದ್ದದ್ದು ಬೇರೆ ಕಡೆ. ಅರ್ಧ ಮಿಲಿಮೀಟರಿನ ಎರಡು ಕಬ್ಬಿಣದ ತಗಡುಗಳನ್ನು ಒಂದು ಸೆಕೆಂಡಿನೊಳಗೆ ಬೆಸೆಯುತ್ತದೆ. ಅದರಲ್ಲೇ ಯುಪಿಎಸ್ ಬ್ಯಾಟರಿಗೆ ಒಂದು ತಗಡಿನ ಪೆಟ್ಟಿಗೆ ಮಾಡಿದೆ. ಚಾರ್ಜರ್‌ಗೆ ಸುರುಳಿ ಅಂಗಡಿಯವರು ಹೇಳಿದಂತೆ ಹಳೆಯ ಯುಪಿಎಸ್‌ನ ಟ್ರಾನ್ಸ್‌ಫಾರ್ಮರ್ ಸಿಕ್ಕಿದೆ.

ಎರಡನೆಯ ಓವನನ್ನೂ ಬಿಚ್ಚಿದೆ. ಅದರ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಯನ್ನು ಕತ್ತರಿಸಿಯಾಗಿದೆ, ಟೀಚರ್‌ಗೆ ಬೇಕಾದರೆ ಹಾಸನದ ಬಸ್ಸಿಗೆ ಹಾಕಿ ಕಳುಹಿಸುತ್ತೇನೆ.

ಹಳೇ ಬೆಂಚು

ಕೆಪಾಸಿಟರ್ ಏನು ಮಾಡಿದಿರಿ? ಒಮ್ಮೆ ಖಾಲಿ ಮಾಡಿ ಇಟ್ಟರೂ ಇಂಥವುಗಳಲ್ಲಿ ಸ್ವಲ್ಪ ಚಾರ್ಜು ತಾನಾಗಿ ಮರಳಿ ಬರುವುದುಂಟು.

ತುಂಗಾತೀರ

ಎರಡು ಟರ್ಮಿನಲ್‌ಗೂ ತಾಮ್ರದ ತಂತಿ ಸುತ್ತಿ, ಬೆಸುಗೆ ಹಾಕಿ, ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟಿದ್ದೇನೆ ಸರ್.